ಹಸುಗಳಿಗೆ ಹತ್ತು ಹತ್ತು ನಿಮಿಷ

ಮಾರ್ಚ್ ತಿಂಗಳ ಕೊನೆಯ ಭಾನುವಾರ, ಬೆಳಗಿನ ಆರೂವರೆ. ವೇಲ್ಸ್‌ನ ಟೈವಿ ನದಿ ಕಣಿವೆಯ ಬ್ರಿನ್‌ಹೈಲ್ ಫಾರಂನ ಕೊಟ್ಟಿಗೆಗೆ ಕೊನೆಯ ಹದಿನಾರು ಹಸುಗಳು ನುಗ್ಗುತ್ತಿವೆ. ಎರಡು ಸಾಲು ಹಸುಗಳ ನಡುವಿನ ತಗ್ಗಿನಲ್ಲಿ ನಿಂತ ಡಿಲಿಸ್ ಪ್ರೈಸ್ ಎಡಕ್ಕೆ ಎಂಟು, ಬಲಕ್ಕೆ ಎಂಟು ಕೆಚ್ಚಲು ಒರೆಸಿ ಯಂತ್ರ ಹಚ್ಚುತ್ತಿದ್ದಾರೆ. ಕಿಟಕಿ ಈಗಷ್ಟೇ ಬೆಳ್ಳಗಾಗುತ್ತಿದೆ. ಬೇಲಿಯ ಮುಳ್ಳುಗಿಡ ಎಲೆಗಿಂತ ಮೊದಲೇ ಹೂ ಬಿಟ್ಟಿದೆ. ಏಳಕ್ಕೆ ಹಾಲಿನ ಲಾರಿ ಬರಬೇಕು.

ರಾತ್ರಿ ನಾಡಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗಿವೆ. ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಸರ್ಕಾರ ಮಾಡಿದ ನಿಯಮ, ಪ್ರತಿ ವಸಂತಕ್ಕೂ ಇದು ಇದ್ದದ್ದೇ. ನಿದ್ದೆ ಕೆಟ್ಟಿತೆಂದು ಊರಿಗೆ ಊರೇ ಗೊಣಗುವ ಈ ಬೆಳಗ್ಗೆ ಬ್ರಿನ್‌ಹೈಲ್‌ನ ಎಂಬತ್ತು ಹಸುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಿವೆ. ಅದರ ಹಿಂದೆ ಡಿಲಿಸ್ ಅವರ ಒಂದು ವಾರದ ದುಡಿಮೆಯಿದೆ.

ಅರವತ್ತೊಂದರ ಡಿಲಿಸ್ ಕೂಲಿಗೆ ಹಾಲು ಕರೆಯುವವರು. ಇಲ್ಲಿ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ. ಮೊದಲ ವಸಂತದಲ್ಲಿ ಎಲ್ಲರ ಹಾಗೆ ಒಂದೇ ದಿನಕ್ಕೆ ಕರೆಯುವ ಹೊತ್ತನ್ನು ಒಂದು ಗಂಟೆ ಬದಲಿಸಿದ್ದರು. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ತಂದ ಹಸುಗಳು ಸೊರೆ ಬಿಡಲಿಲ್ಲ, ಕೆಚ್ಚಲಿನಿಂದ ಹಾಲು ಇಳಿಯಲಿಲ್ಲ. ಅತ್ತ ಲಾರಿ ಬಂದು ನಿಂತಿತ್ತು. ಅವಸರದಲ್ಲಿ ಕೈ ಹಾಕಿದ್ದೇ ತಡ, ಒಂದು ಹಸು ಒದ್ದ ಏಟಿಗೆ ಬಲಗೈ ಮಣಿಕಟ್ಟು ಮುರಿಯಿತು. ಏಳು ವಾರ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತರು.

"ಹಸು ಮೇಲೆ ಸಿಟ್ಟು ಬರಲಿಲ್ಲ," ಎನ್ನುತ್ತಾರೆ. "ನನ್ನನ್ನೂ ಯಾರಾದ್ರೂ ಹೀಗೆ ಎಬ್ಬಿಸಿ ಎಳ್ಕೊಂಡು ಹೋಗಿದ್ರೆ ನಾನೂ ಒದೀತಿದ್ದೆ."

ಸುಮ್ಮನೆ ಕೂತಿದ್ದಾಗ ಹೊಳೆದದ್ದು ಒಂದು ಸಣ್ಣ ಲೆಕ್ಕ. ಮುಂದಿನ ವರ್ಷ ಆ ಭಾನುವಾರಕ್ಕೆ ಆರು ದಿನ ಮೊದಲು, ಸೋಮವಾರ, ಐದಕ್ಕೆ ಬದಲು ಐದಕ್ಕೆ ಹತ್ತು ನಿಮಿಷ ಇರುವಾಗಲೇ ಕರೆಯಲು ನಿಂತರು. ಮಂಗಳವಾರ ಇನ್ನೂ ಹತ್ತು ನಿಮಿಷ ಮೊದಲು. ಶನಿವಾರದ ಹೊತ್ತಿಗೆ ಗಂಟೆ ನಾಲ್ಕಾಗಿತ್ತು. ಭಾನುವಾರ ಹೊಸ ಗಡಿಯಾರ ಐದು ತೋರಿಸುವಾಗ ಹಸುಗಳ ಪಾಲಿಗೆ ಅದು ಹಿಂದಿನ ದಿನದ ನಾಲ್ಕೇ. ಸಂಜೆಯ ಸರದಿಗೂ ಇದೇ ಕ್ರಮ. ಫಾರಂ ಒಡೆಯ ಗೆಥಿನ್ ಬೋವೆನ್ ಒಪ್ಪಿರಲಿಲ್ಲ. ಹಸುಗಳ ಹೊಟ್ಟೆಯಲ್ಲಿ ಗಡಿಯಾರ ಇದೆಯೇನು ಎಂದು ನಕ್ಕು, ತಾನಂತೂ ನಾಲ್ಕಕ್ಕೆ ಏಳುವವನಲ್ಲ ಎಂದಿದ್ದರು. ಯಾರೂ ಏಳಬೇಕಿಲ್ಲ, ಕೊಟ್ಟಿಗೆಯ ಬೀಗದ ಕೈ ಕೊಟ್ಟರೆ ಸಾಕು ಎಂದು ಡಿಲಿಸ್ ಹೇಳಿದ್ದರು.

ಆ ಭಾನುವಾರ ಐದಕ್ಕೆ ಗೆಥಿನ್ ಅಳುಕುತ್ತಲೇ ಕೊಟ್ಟಿಗೆಗೆ ಬಂದರು. ಹಸುಗಳು ಆಗಲೇ ಗೇಟಿಗೆ ಮೂತಿ ಇಟ್ಟು ಕಾಯುತ್ತಿದ್ದವು. ಕರೆದು ಮುಗಿದ ಮೇಲೆ ತೊಟ್ಟಿಯ ಹಾಲನ್ನು ಅವರೇ ಎರಡು ಸಲ ಅಳೆದರು. ಒಂದು ಲೀಟರೂ ಕಡಿಮೆಯಾಗಿರಲಿಲ್ಲ.

"ಅವತ್ತೇ ಬಾಯಿ ಮುಚ್ಚಿದೋನು, ಈ ವಿಷಯದಲ್ಲಿ ಇನ್ನೂ ತೆರೆದಿಲ್ಲ," ಎಂದು ಗೆಥಿನ್ ಈಗ ನಗುತ್ತಾರೆ. ಸುತ್ತಲಿನ ಐದು ಫಾರಂಗಳಲ್ಲಿ ಇಂದು ಇದೇ ಪದ್ಧತಿ. ಮಾರ್ಚ್ ನಡುವಿಗೆ ಡಿಲಿಸ್ ಮನೆಗೆ ಫೋನು ಬರುತ್ತದೆ: ಸೋಮವಾರದಿಂದಲೇ ತಾನೆ?

ಆ ವಾರ ಅವರ ಅಡುಗೆಮನೆಯ ಗಡಿಯಾರವೂ ದಿನಕ್ಕೆ ಹತ್ತು ನಿಮಿಷ ಮುಂದೆ ಸರಿಯುತ್ತದೆ. ಗಂಡ ಇಡ್ವಲ್‌ಗೆ ಅದೊಂದು ಪೀಕಲಾಟ.

"ಗುರುವಾರ ಹಾಡಿನ ಅಭ್ಯಾಸಕ್ಕೆ ನಲವತ್ತು ನಿಮಿಷ ಮೊದಲೇ ಹೋಗಿ ಮಳೇಲಿ ನಿಂತಿದ್ದೆ," ಎನ್ನುತ್ತಾರೆ ಅವರು. "ಇವಳಿಗೆ ಗಂಡನೂ ಒಂದೇ, ಹಸೂನೂ ಒಂದೇ."

"ಹಸು ಇಷ್ಟು ಗೊಣಗಲ್ಲ," ಎಂದು ಡಿಲಿಸ್ ಚಹಾ ಬಗ್ಗಿಸುತ್ತಾರೆ.

ಡಿಲಿಸ್‌ಗೆ ಈಗ ಮಂಡಿ ನೋವು. ಮುಂದಿನ ವರ್ಷ ಕೆಲಸ ಬಿಡುವ ಯೋಚನೆಯಿದೆ. ಅವರ ಜಾಗಕ್ಕೆ ಬರುವ ಮರೆಡ್ ಎಂಬಾಕೆ ಈ ವಾರವೆಲ್ಲ ಜೊತೆಗೇ ನಿಂತು ಕಲಿತಿದ್ದಾಳೆ. ಆಕೆಯ ಬಳಿ ಡಿಲಿಸ್ ಕೇಳಿಕೊಂಡಿರುವುದು ಒಂದೇ: ಯಾರೇ ನಕ್ಕರೂ ಆ ಹತ್ತು ನಿಮಿಷ ಬಿಡಬಾರದು.

ಲಾರಿ ಹಾಲು ತುಂಬಿಕೊಂಡು ಹೊರಟಿದೆ. ಚಳಿಗಾಲವೆಲ್ಲ ಒಳಗಿದ್ದ ಹಸುಗಳಿಗೆ ಇಂದು ಗೆಥಿನ್ ಹುಲ್ಲುಗಾವಲಿನ ಗೇಟು ತೆರೆಯುತ್ತಾರೆ. ಮುದಿ ಹಸುಗಳೂ ಬಾಲ ಎತ್ತಿ ಕರುಗಳಂತೆ ಕುಣಿಯುತ್ತವೆ. ಬೇಲಿಗೆ ಒರಗಿ ನೋಡುತ್ತಿದ್ದ ಡಿಲಿಸ್ ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತಾರೆ.

"ಸರ್ಕಾರ ಒಂದು ಗಂಟೇನ ಒಂದೇ ಏಟಿಗೆ ಮುಂದೆ ತಳ್ಳುತ್ತೆ, ನನಗೆ ಆರು ದಿನ ಬೇಕು," ಎನ್ನುತ್ತಾ ಹಸುಗಳ ಕಡೆ ಕೈ ತೋರಿಸುತ್ತಾರೆ. "ಆದ್ರೆ ನನ್ನ ಕಡೆಯವರು ಯಾರೂ ಇವತ್ತಿನವರೆಗೂ ದೂರು ಹೇಳಿಲ್ಲ, ನೋಡಿ."