ಮುರಿಯದ ಕೈಗೆ ದಬ್ಬೆ

ಹೋದ ವಾರದ ಒಂದು ಬೆಳಗು, ಊರ್ಡಿಗೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಗಲಿಯ ಮೇಲೆ ಕೂತ ಗಂಗರಾಜು ಬಲಗೈ ಚಾಚಿದ್ದಾನೆ. ಅಪ್ಪ ಚಿಕ್ಕಬೀರಯ್ಯ ಆ ಕೈಯ ಎರಡೂ ಬದಿಗೆ ಬಿದಿರಿನ ದಬ್ಬೆ ಇಟ್ಟು, ಹಳೇ ಪಂಚೆಯ ಪಟ್ಟಿಯನ್ನು ತೋಳಿನಿಂದ ಮಣಿಕಟ್ಟಿನವರೆಗೆ ಸುತ್ತುತ್ತಿದ್ದಾರೆ. ಡೇರಿಗೆ ಹಾಲು ಹೊತ್ತು ಹೊರಟ ಕರಿಬಸವಯ್ಯ ನಿಂತು ನೋಡುತ್ತಾರೆ. "ಇನ್ನೂ ಕೂಡ್ಕೊಂಡಿಲ್ವೇನಪ್ಪಾ ಮೂಳೆ?"

ಮುರಿದಿದ್ದರೆ ತಾನೇ ಕೂಡಿಕೊಳ್ಳುವುದು? ಗಂಗರಾಜನ ಕೈ ಕಲ್ಲುಗುಂಡಿನಂತಿದೆ. ದಬ್ಬೆ ಕಟ್ಟಿಸಿಕೊಂಡು ಅವನು ನೇರ ಮನೆ ಹಿಂದಿನ ಬಯಲಿಗೆ ಹೋಗುತ್ತಾನೆ, ಚೆಂಡು ಹಿಡಿದು ಬೌಲಿಂಗ್ ಮಾಡಲು ಓಡುತ್ತಾನೆ.

ಇಪ್ಪತ್ತೆರಡರ ಈ ಹುಡುಗ ಹಿರೇಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಆಪರೇಟರ್. ಭಾನುವಾರ ಬಂತೆಂದರೆ ತುಮಕೂರಿನ ಎರಡನೇ ಡಿವಿಷನ್ ಲೀಗಿನ ಒಂದು ಕ್ಲಬ್ಬಿನ ಕೊನೆ ಓವರುಗಳ ಬೌಲರ್. ಮೊದಲ ಓವರಿನವನಿಗೆ ಹೊಳೆಯುವ ಹೊಸ ಚೆಂಡು ಸಿಗುತ್ತದೆ, ಸೆಂಚುರಿ ಹೊಡೆದವನ ಹೆಸರು ಪೇಪರಿಗೆ ಬರುತ್ತದೆ. ಗಂಗರಾಜನ ಪಾಲಿಗೆ ಬರುವುದು ಸವೆದ ಚೆಂಡು ಮತ್ತು ಕೈಜಾರುತ್ತಿರುವ ಪಂದ್ಯ. ತಂಡದ ಕ್ಯಾಪ್ಟನ್, ಬ್ಯಾಂಕ್ ನೌಕರ ವಿಜಯೀಂದ್ರ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ಎಲ್ರೂ ಹೊಡೆಸ್ಕೊಂಡ್ ಮೇಲೆ ಇವನನ್ನ ಕರೀತೀವಿ. ಗೆದ್ರೆ ಬ್ಯಾಟ್ಸ್‌ಮನ್ ಗೆಲ್ಸಿದ ಅಂತಾರೆ. ಸೋತ್ರೆ ಮಾತ್ರ ಗಂಗನೇ ಸೋಲ್ಸಿದ್ದು."

ಹೋದ ವರ್ಷ, 2003ರಲ್ಲಿ, ನಿಜಕ್ಕೂ ಇವನೇ ಸೋಲಿಸಿದ. ಗಂಗರಾಜು ಕಲಿತದ್ದೆಲ್ಲ ಟೆನಿಸ್ ಬಾಲಿನಲ್ಲಿ. ಆ ಹಗುರ ಚೆಂಡಿಗೆ ವೇಗ ಬರಬೇಕಾದರೆ ಮೊಣಕೈ ಮಡಚಿ ಫಟ್ಟನೆ ಎಳೆಯಬೇಕು. ಹಳ್ಳಿ ಟೂರ್ನಮೆಂಟಿನಲ್ಲಿ ಕೇಳುವವರೂ ಇಲ್ಲ. ಲೀಗಿನ ಲೆದರ್ ಬಾಲಿಗೂ ಅದೇ ಕೈ ಬಂತು. ಗುಬ್ಬಿಯ ಪಂದ್ಯದ ಕೊನೆಯ ಓವರಿನಲ್ಲಿ ಅಂಪೈರ್ ಗುರುಸಿದ್ದಯ್ಯ ತೋಳು ಚಾಚಿ ನೋ-ಬಾಲ್ ಎಂದರು. ಮತ್ತೆ ಚಾಚಿದರು. ಮತ್ತೆಯೂ. ಗೆಲ್ಲುವ ಪಂದ್ಯ ಕೈಬಿಟ್ಟು ಹೋಯಿತು. "ಇದು ಬೌಲಿಂಗ್ ಅಲ್ಲಪ್ಪ, ಮಾವಿನಕಾಯಿಗೆ ಕಲ್ಲು ಬೀರೋದು. ಇನ್ನೊಂದ್ಸಲ ಕೈ ಮಡಚಿದ್ರೆ ಲೀಗಿಂದ ಆಚೆ," ಎಂದರು ಗುರುಸಿದ್ದಯ್ಯ.

ಆವತ್ತು ಮನೆಗೆ ಬಂದವನು ಊಟ ಮುಟ್ಟಲಿಲ್ಲ, ಕೈ ಬಗ್ಗುತ್ತದೆಂದು ಅಂಪೈರ್ ಬೈದದ್ದನ್ನಷ್ಟೇ ಹೇಳಿದ. ಚಿಕ್ಕಬೀರಯ್ಯನವರಿಗೆ ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. ಆದರೆ ಸುತ್ತಮುತ್ತ ಯಾರ ಮನೆಯ ಮೇಕೆ ಕಾಲು ಮುರಿದುಕೊಂಡರೂ, ಯಾರ ಕೈ ಉಳುಕಿದರೂ ಕಟ್ಟು ಹಾಕುವವರು ಇವರೇ. ಮಗನನ್ನು ಒಂದೇ ಮಾತು ಕೇಳಿದರು: "ಎಲ್ಲಿ ಬಗ್ತದಂತೆ, ತೋರ್ಸ್ಲಾ." ಮಾರನೆಯ ಬೆಳಿಗ್ಗೆಯೇ ದಬ್ಬೆ ಸಿದ್ಧವಾಗಿತ್ತು.

ಮೊದಮೊದಲು ಚೆಂಡು ಸ್ಟಂಪಿನ ಕಡೆ ಬಿಟ್ಟು ಮಿಕ್ಕೆಲ್ಲಾ ಕಡೆ ಹೋಯಿತು. "ಒಂದಿನ ನನ್ ಸಾರಿನ್ ಗಡಿಗೆನೇ ಒಡೆದ," ಎಂದು ತಾಯಿ ರಂಗಮ್ಮ ಈಗ ನಗುತ್ತಾರೆ. ನೇರ ಕೈಗೆ ವೇಗವೂ ಬರಲಿಲ್ಲ. ವರ್ಕ್‌ಶಾಪಿನಲ್ಲಿ ಗೇಲಿ ಬೇರೆ. "ಬುಟ್ಬುಡಾನ ಅನ್ನಿಸ್ತು ಸಾರ್," ಎನ್ನುತ್ತಾನೆ ಗಂಗರಾಜು. "ಟೆನಿಸ್ ಬಾಲಲ್ಲಿ ಹೆಸ್ರಿತ್ತಲ್ಲ, ಅದೇ ಸಾಕು ಅಂತ. ಆದ್ರೆ ಬೆಳಗಾದ್ರೆ ಅಪ್ಪ ದಬ್ಬೆ ಹಿಡ್ಕೊಂಡ್ ಕೂತಿರೋರು. ಅವ್ರಿಗೆ ಬ್ಯಾಡ ಅನ್ನಕ್ಕಾಯ್ತದಾ?"

ಮಳೆಗಾಲ ಕಳೆಯುವಷ್ಟರಲ್ಲಿ ಕೈ ಮಡಚದೆ ಕಿವಿಯ ಪಕ್ಕದಿಂದಲೇ ಬರತೊಡಗಿತು. ಕಳೆದುಕೊಂಡ ವೇಗ ಪೂರ್ತಿ ಮರಳಲಿಲ್ಲ. ಬದಲಿಗೆ ಚೆಂಡು ಎತ್ತರದಿಂದ ಇಳಿದು, ಗುರಿಯಿಟ್ಟಂತೆ ಬ್ಯಾಟ್ಸ್‌ಮನ್ನನ ಕಾಲ್ಬೆರಳಿಗೇ ಬೀಳುತ್ತದೆ.

ಕಳೆದ ಭಾನುವಾರ ಕುಣಿಗಲ್‌ನಲ್ಲಿ ಪಂದ್ಯ. ಬಿಳಿ ಕೋಟು ತೊಟ್ಟು ನಿಂತವರು ಅದೇ ಗುರುಸಿದ್ದಯ್ಯ. ಕೊನೆಯ ಓವರಿನಲ್ಲಿ ಎದುರಾಳಿಗೆ ಆರೇ ರನ್ ಬೇಕು. ವಿಜಯೀಂದ್ರ ಚೆಂಡನ್ನು ಗಂಗರಾಜನ ಕೈಗೆ ಹಾಕುತ್ತಾರೆ. ಬೌಂಡರಿಯಾಚೆ ಹುಣಸೆ ಮರದ ಕೆಳಗೆ, ಇದೇ ಮೊದಲ ಬಾರಿಗೆ ಮಗನ ಆಟ ನೋಡಲು ಬಂದ ಚಿಕ್ಕಬೀರಯ್ಯ ಕೂತಿದ್ದಾರೆ.

ಮೊದಲ ಚೆಂಡು ಬಿಟ್ಟವನೇ ಗಂಗರಾಜು ಬ್ಯಾಟ್ಸ್‌ಮನ್ನನ್ನು ನೋಡುವುದಿಲ್ಲ, ತಿರುಗಿ ಅಂಪೈರನ್ನು ನೋಡುತ್ತಾನೆ. ಗುರುಸಿದ್ದಯ್ಯನವರ ಕೈ ಕೋಟಿನ ಜೇಬಿನಲ್ಲೇ ಇದೆ. ಮೂರನೆಯದು ಬೌಂಡರಿಗೆ ಹೋಗುತ್ತದೆ. ಉಳಿದವಕ್ಕೆ ರನ್ನಿಲ್ಲ. ಕೊನೆಗೆ ಒಂದೇ ಚೆಂಡು, ಗೆಲ್ಲಲು ಎರಡು ರನ್. ಓಡಿ ಬರುವಾಗ ಹಳೇ ಚಾಳಿ ಮೊಣಕೈಯನ್ನು ಜಗ್ಗಿತಂತೆ. "ಬಗ್ಗಿಸ್ಬುಟ್ಟಿದ್ರೆ ಸ್ಪೀಡ್ ಬರೋದು ಸಾರ್. ಅಪ್ಪ ನೋಡ್ತಾವ್ರೆ ಅನ್ಕಂಡೆ," ಎನ್ನುತ್ತಾನೆ. ಕೈ ನೇರವಾಗಿಯೇ ಬಂತು. ಬ್ಯಾಟು ಕೆಳಗಿಳಿಯುವಷ್ಟರಲ್ಲಿ ನಡುವಿನ ಸ್ಟಂಪು ಮಲಗಿತ್ತು.

ಓವರಿಗೆ ಮುಂಚೆ ಗಂಗರಾಜು ಕೊಟ್ಟಿದ್ದ ಟೋಪಿಯನ್ನು ಗುರುಸಿದ್ದಯ್ಯ ವಾಪಸ್ ಕೊಡುತ್ತಾ ಕೇಳುತ್ತಾರೆ: "ಕೈ ಚೆನ್ನಾಗಿದೆ ಕಣಯ್ಯಾ. ಯಾರು ನಿನ್ ಕೋಚು?"

ಗಂಗರಾಜು ಹುಣಸೆ ಮರದ ಕಡೆ ತೋರಿಸುತ್ತಾನೆ. "ನಮ್ಮಪ್ಪ ಸಾರ್. ಮೂಳೆಗೆ ಕಟ್ಟು ಹಾಕ್ತಾರೆ."

ಪೇಪರಿನಲ್ಲಿ ಬಂದದ್ದು ಅರ್ಧಶತಕ ಹೊಡೆದವನ ಫೋಟೋ. ಗಂಗರಾಜನಿಗೆ ಬೇಸರವಿಲ್ಲ. ಒಂದು ಸಲ, ಒಂದೇ ಸಲ, ಹೊಸ ಚೆಂಡು ಕೊಟ್ಟರೆ ಹೇಗೆ ತಿರುಗುತ್ತದೋ ನೋಡುವ ಆಸೆಯಂತೆ.

ಸೋಮವಾರ ಬೆಳಿಗ್ಗೆ ಅವನು ಅಭ್ಯಾಸದಂತೆ ಜಗಲಿಯಲ್ಲಿ ಕೂತು ಬಲಗೈ ಚಾಚುತ್ತಾನೆ. ಚಿಕ್ಕಬೀರಯ್ಯ ಮೊಣಕೈಯನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ, ಎಷ್ಟೋ ಜನರ ಕಟ್ಟು ಬಿಚ್ಚಿದ ಮೇಲೆ ನೋಡಿದ ಹಾಗೆಯೇ. ದಬ್ಬೆಗಳನ್ನು ಎತ್ತಿ ಸೂರಿಗೆ ಸಿಕ್ಕಿಸುತ್ತಾರೆ.

"ಕೂಡ್ಕೊಂಡದೆ ಕಣ್ಲಾ," ಎನ್ನುತ್ತಾರೆ. "ಹೋಗು, ಆಡೋಗು."