ಬಲ್ಬು ಉರಿದರೆ ಅರ್ತ್ ಸರಿ

ನಾನು ವಯರಿಂಗ್ ಕಲಿತ ಕಾಲದಲ್ಲಿ ಪರೀಕ್ಷೆ ಎಂದರೆ ಒಂದು ಬಲ್ಬು, ಅಷ್ಟೇ. ಹೋಲ್ಡರಿಗೆ ಎರಡು ಮೊಳ ವಯರು ಸಿಕ್ಕಿಸಿ, ನೂರು ವ್ಯಾಟಿನ ಬಲ್ಬು ಹಾಕಿ, ಒಂದು ತುದಿಯನ್ನು ಪ್ಲಗ್ಗಿನಲ್ಲಿ ಕರೆಂಟು ಬರುವ ಫೇಸಿಗೆ, ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ತಿಗೆ, ಕೊಡುವುದು. ಬಲ್ಬು ಝಗ್ಗನೆ ಉರಿದರೆ ಅರ್ತ್ ಸರಿ. ಮಂಕಾಗಿ ಉರಿದರೆ ಅಂಗಳಕ್ಕೆ ಹೋಗಿ ಅರ್ತಿನ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದು ಮತ್ತೊಮ್ಮೆ ನೋಡುವುದು. ಹಿರಿಯಡ್ಕದಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿಯವರು ಹೀಗೇ ಮಾಡುತ್ತಿದ್ದರು. ಅವರು ಮಾಡಿದ್ದನ್ನು ನಾನೂ ಮಾಡಿದೆ, ಅದರಲ್ಲಿ ತಪ್ಪು ಹುಡುಕುವ ಬುದ್ಧಿ ನನಗೆ ಹದಿನೈದು ವರ್ಷ ಬರಲಿಲ್ಲ.

ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ, ಮುಂಚಿನ ದಿನ ಈ ಬಲ್ಬು ಉರಿಸುವುದನ್ನು ನೋಡಲು ಮನೆಯವರೆಲ್ಲ ಸೇರುತ್ತಿದ್ದರು. ಅಡಿಗೆ ಮನೆಯಿಂದ ಹೆಂಗಸರು ಕೈ ಒರೆಸಿಕೊಂಡು ಬರುವರು. ಬಲ್ಬು ಉರಿದೊಡನೆ ಯಾರಾದರೊಬ್ಬರು "ಭಾರೀ ಬೆಳಕು ಉಂಟಲ್ವಾ" ಎನ್ನುವರು. ನಾನು ದೊಡ್ಡ ವಿಜ್ಞಾನಿಯ ಹಾಗೆ ಮುಖ ಮಾಡಿಕೊಂಡು ವಯರು ಸುತ್ತುತ್ತಿದ್ದೆ. ಆ ಗಳಿಗೆ ನನಗೆ ಬಹಳ ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಕಾಪುವಿನಲ್ಲಿ ನನ್ನ ಅಕ್ಕನ ಮನೆಗೂ ವಯರಿಂಗ್ ಮಾಡಿದವನು ನಾನೇ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಭಾವ ಮಸ್ಕತ್ತಿನಲ್ಲಿದ್ದರು, ಒಕ್ಕಲಿಗೆಂದು ಹದಿನೈದು ದಿನದ ರಜೆಯಲ್ಲಿ ಬಂದಿದ್ದರು. ಏಪ್ರಿಲ್ ತಿಂಗಳು, ನೆಲ ಹೆಂಚಿನಂತೆ ಕಾದಿತ್ತು. ಅರ್ತಿಗೆ ಗುಂಡಿ ತೋಡಿದರೆ ನಾಲ್ಕು ಅಡಿಗೇ ಕೆಂಪು ಕಲ್ಲಿನ ಪಾದೆ, ಗಟ್ಟಿ ಬಂಡೆ, ಸಿಕ್ಕಿತು. ಅದರ ಮೇಲೆಯೇ ಪೈಪು ನಿಲ್ಲಿಸಿ, ಉಪ್ಪು, ಇದ್ದಿಲು ತುಂಬಿಸಿ ಮುಚ್ಚಿದೆ. ಸಂಜೆ ಬಲ್ಬು ಕೊಟ್ಟು ನೋಡಿದರೆ ಒಳಗಿನ ತಂತಿ ಮಾತ್ರ ಕೆಂಪಗಾಯಿತು. ನೀರು ಹೊಯ್ದೆ. ಮತ್ತೆ ಹೊಯ್ದೆ. ಎಂತದೂ ಆಗಲಿಲ್ಲ. ಮರುದಿನ ಬೆಳಗ್ಗೆ ಒಕ್ಕಲು, ಚಪ್ಪರ ಎದ್ದಿದೆ, ನೆಂಟರು ಬರತೊಡಗಿದ್ದಾರೆ.

ಆಗ ನಾನು, ನಮ್ಮ ಕಡೆಯ ಹಲವು ವಯರ್‌ಮ್ಯಾನ್‌ಗಳು ಮಾಡುವ ಕೆಲಸವನ್ನೇ ಮಾಡಿದೆ. ಮೈನ್ ಬೋರ್ಡು ಬಿಚ್ಚಿ, ಗೇಣುದ್ದದ ವಯರಿನಿಂದ ನ್ಯೂಟ್ರಲನ್ನೂ ಅರ್ತನ್ನೂ ಒಂದಕ್ಕೊಂದು ಕಟ್ಟಿಬಿಟ್ಟೆ. ಇದಕ್ಕೆ ನಾವು ಲೂಪ್ ಕೊಡುವುದು ಎನ್ನುತ್ತಿದ್ದೆವು. ನ್ಯೂಟ್ರಲ್ ಎಂದರೆ ಕರೆಂಟು ಕಂಬಕ್ಕೆ ಹಿಂದಿರುಗುವ ತಂತಿ. ಅದನ್ನು ಅರ್ತಿಗೆ ಕಟ್ಟಿದರೆ ಗುಂಡಿ ಎಷ್ಟೇ ಕೆಟ್ಟದಿರಲಿ, ಬಲ್ಬು ಉರಿದೇ ಉರಿಯುತ್ತದೆ. ಉರಿಯಿತು ಕೂಡ. ಅಕ್ಕನ ಅತ್ತೆ, ಅರುವತ್ತು ದಾಟಿದ ಗಟ್ಟಿ ಹೆಂಗಸು, "ನಮ್ಮ ಹುಡುಗ ಮಾಡಿದ ಕೆಲಸ ಅಂದರೆ ನೋಡುವುದೇ ಬೇಡ" ಎಂದು ಎಲ್ಲರೆದುರು ಹೇಳಿದರು. ಮಳೆಗಾಲ ಕಳೆದ ಮೇಲೆ ಬೇರೆ ಕಡೆ ಗುಂಡಿ ತೋಡಿ ಸರಿಮಾಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮಳೆಗಾಲ ಎಷ್ಟೋ ಕಳೆದವು.

ಎರಡು ಸಾವಿರದ ಎಂಟರ ಸುಮಾರಿಗೆ ಮಣಿಪಾಲದಲ್ಲಿ ಒಂದು ಹಾಸ್ಟೆಲ್ ಕಟ್ಟಡದ ಕೆಲಸ ಸಿಕ್ಕಿತು. ಕೆಲಸ ಮುಗಿಯುವಾಗ ಪರಿಶೀಲನೆಗೆ ಬಂದ ಎಂಜಿನಿಯರು ಕೈಯಲ್ಲಿ ಒಂದು ಫಾರಂ ಹಿಡಿದು, "ಇನ್ಸುಲೇಶನ್ ರೀಡಿಂಗ್ ಎಷ್ಟು ಬಂತು?" ಎಂದು ಕೇಳಿದರು.

"ಚೆನ್ನಾಗಿ ಉಂಟು ಸಾರ್" ಎಂದೆ.

"ಚೆನ್ನಾಗಿ ಅಂದರೆ ಎಷ್ಟು?"

ನನ್ನ ಹತ್ತಿರ ಇದ್ದದ್ದು ಬಲ್ಬು ಮಾತ್ರ. ಜೊತೆಯಲ್ಲಿದ್ದವರು ನೆಲ ನೋಡಿದರು. ಎಂಜಿನಿಯರು ಗದರಲಿಲ್ಲ, ಫಾರಂ ಮಡಚಿ ಕಿಸೆಗೆ ಹಾಕಿ, "ಅಳೆಯಲು ಬರುವವರನ್ನು ಕರೆಸಿ" ಎಂದು ಕಾಂಟ್ರಾಕ್ಟರಿಗೆ ಹೇಳಿ ಹೋದರು. ಗದರಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನದು ಮೊದಲೇ ಮೂಗಿನ ತುದಿಯ ಕೋಪ. ಬಸ್‌ಸ್ಟ್ಯಾಂಡಿನವರೆಗೂ ಅವರನ್ನು ಬಯ್ಯುತ್ತಾ ನಡೆದೆ. ಮರುದಿನ ಸೈಬರ್ ಕೆಫೆಯ ಮೆಟ್ಟಿಲು ಹತ್ತಿದೆ. ಇಂಟರ್ನೆಟ್ಟಿನಲ್ಲಿ ಎಲ್ಲದಕ್ಕೂ ವಿಡಿಯೊ ಸಿಗುತ್ತದೆ ಎಂದು ಹಾಸ್ಟೆಲಿಗೆ ಬಣ್ಣ ಬಳಿಯುತ್ತಿದ್ದವನೊಬ್ಬ ಹೇಳಿದ್ದ.

ಕೆಫೆಯ ತುಂಬ ಕಾಲೇಜು ಮಕ್ಕಳು. ಪ್ಲೈವುಡ್ಡಿನ ಸಣ್ಣ ಗೂಡುಗಳು, ಒಂದೊಂದಕ್ಕೂ ಪರದೆ. ನಲುವತ್ತರ ಹತ್ತಿರದ ಗಂಡಸು, ಕಿಸೆಯಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು ಒಳಗೆ ಹೋಗಿ ಪರದೆ ಎಳೆದುಕೊಂಡರೆ ಕೆಫೆಯ ಮಾಲಿಕರಿಗೆ ಏನನಿಸಬೇಕು? ಮೂರನೆಯ ದಿನ ಅವರು ಸದ್ದಿಲ್ಲದೆ ಬಂದು ಹಿಂದಿನಿಂದ ಇಣುಕಿದರು. ಕಂಪ್ಯೂಟರಿನಲ್ಲಿ ಒಂದು ಸ್ವಿಚ್ ಬೋರ್ಡಿನ ಚಿತ್ರವಿತ್ತು. "ಎಂತ ಮಾರಾಯ್ರೆ, ಇದನ್ನು ನೋಡಲಿಕ್ಕಾ ನೀವು ಇಷ್ಟು ಗುಟ್ಟಾಗಿ ಕೂರುವುದು?" ಎಂದು ನಕ್ಕರು. ಅಂದಿನಿಂದ ನನಗೆ ಮೂಲೆಯ ಒಳ್ಳೆಯ ಕಂಪ್ಯೂಟರು ಸಿಗತೊಡಗಿತು.

ಒಂಬತ್ತು ನಿಮಿಷದ ವಿಡಿಯೊ ಇಳಿಯಲು ಅರ್ಧ ಗಂಟೆ. ಒತ್ತಿ ನಿಲ್ಲಿಸಿ, ಕೆಳಗೆ ಹೋಗಿ ಚಾ ಕುಡಿದು ಬಂದರೆ ಮುಕ್ಕಾಲು ಪಾಲು ಬಂದಿರುತ್ತಿತ್ತು. ಕಲಿಸುವವನು ಒಬ್ಬ ಇಂಗ್ಲಿಷ್ ಮನುಷ್ಯ. ತೆಳ್ಳಗಿನ ಶರೀರ, ಅಂಗಿಯ ತೋಳು ಮಡಚಿ, ತನ್ನ ಕಾರ್ ಶೆಡ್ಡಿನ ಗೋಡೆಗೆ ಬೋರ್ಡು ಹೊಡೆದು ನಿಂತಿರುತ್ತಿದ್ದ. ಅವನ ಇಂಗ್ಲಿಷ್ ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಒಂದೊಂದು ವಾಕ್ಯವನ್ನು ಹತ್ತು ಸಲ ಕೇಳಿ, ತಿಳಿದದ್ದನ್ನು ಕನ್ನಡದಲ್ಲಿ ಪುಸ್ತಕಕ್ಕೆ ಬರೆದುಕೊಂಡೆ. ಮೊದಲು ಮೈನ್ ಆಫ್. ಆಫ್ ಆದದ್ದು ನಿಜವೇ ಎಂದು ಮೀಟರಿನಿಂದ ನೋಡಬೇಕು. ಆ ಮೀಟರು ಸರಿಯಿದೆಯೇ ಎಂದು ಅದಕ್ಕೂ ಮೊದಲು, ಅದಾದ ಮೇಲೂ ನೋಡಬೇಕು. ಆಮೇಲೆ ಅರ್ತಿನ ತಂತಿ ಎಲ್ಲೂ ತುಂಡಾಗಿಲ್ಲವೇ, ತಂತಿಯ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬ ಇನ್ಸುಲೇಶನ್ ಎಷ್ಟು, ಫೇಸು ಸ್ವಿಚ್ಚಿಗೇ ಬಂದಿದೆಯೇ. ಒಂದೂ ಬಿಡುವ ಹಾಗಿಲ್ಲ, ಹಿಂದೆಮುಂದೆ ಮಾಡುವ ಹಾಗೂ ಇಲ್ಲ.

ಮೊದಮೊದಲು ರೇಗುತ್ತಿತ್ತು. ಈ ಪುಣ್ಯಾತ್ಮನಿಗೆ ಬೇರೆ ಕೆಲಸವೇ ಇಲ್ಲವೇ, ಇಷ್ಟೆಲ್ಲ ನೋಡುತ್ತಾ ಕೂತರೆ ನಾವು ಊಟ ಮಾಡುವುದು ಯಾವಾಗ ಎಂದು ಗೊಣಗುತ್ತಿದ್ದೆ. ಎರಡು ವಾರದಲ್ಲಿ ರೇಗುವುದು ನಿಂತು ಹೆದರಿಕೆ ಶುರುವಾಯಿತು. ಅವನು ಒಂದೊಂದು ತಪ್ಪು ತೋರಿಸಿದಾಗಲೂ ನಾನು ಕೆಲಸ ಮಾಡಿದ ಒಂದೊಂದು ಮನೆ ಕಣ್ಣೆದುರು ಬರುತ್ತಿತ್ತು. ಪೆರ್ಡೂರಿನ ಮನೆಯಲ್ಲಿ ನ್ಯೂಟ್ರಲಿಗೆ ಸ್ವಿಚ್ ಕೊಟ್ಟದ್ದು. ಸಂತೆಕಟ್ಟೆಯ ಅಂಗಡಿಯಲ್ಲಿ ಜಾಯಿಂಟನ್ನು ಹಾಗೇ ಗೋಡೆಯೊಳಗೆ ಮುಚ್ಚಿದ್ದು. ಬಸ್ಸಿನಲ್ಲಿ ಹೋಗುವಾಗ ನಾನು ವಯರಿಂಗ್ ಮಾಡಿದ ಮನೆ ಕಂಡರೆ ಇನ್ನೊಂದು ಬದಿಯ ಕಿಟಕಿಗೆ ತಿರುಗುತ್ತಿದ್ದೆ.

ಅದೇ ವರ್ಷ, ನಾನು ಕೆಫೆಗೆ ಹೋಗತೊಡಗುವ ಮೊದಲು, ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕನ ಅತ್ತೆ ತೀರಿಕೊಂಡಿದ್ದರು. ಬೆಳಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಿನಲ್ಲೇ ಬಿದ್ದರು. ಬಿಪಿ ಇತ್ತು, ಎಪ್ಪತ್ತರ ಆಸುಪಾಸಿನ ವಯಸ್ಸು, ಹಾರ್ಟ್ ಎಂದರು ಡಾಕ್ಟರು. ಯಾರೂ ಹೆಚ್ಚು ಕೇಳಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಉತ್ತರಕ್ರಿಯೆಯ ಬೊಜ್ಜದ ದಿನ ಚಪ್ಪರಕ್ಕೆ ಟ್ಯೂಬ್‌ಲೈಟು ಬೇಕೆಂದು ಆ ಮೈನ್ ಬೋರ್ಡನ್ನು ನಾನೇ ಬಿಚ್ಚಿದೆ. ಒಳಗೆ ನನ್ನ ಗೇಣುದ್ದದ ವಯರು ಹಾಗೇ ಇತ್ತು. ನೋಡಿದೆ. ಲೈನ್ ತೆಗೆದುಕೊಂಡು ಮುಚ್ಚಿದೆ.

ಅದಾಗಿ ಒಂದೂವರೆ ತಿಂಗಳಿಗೆ ಅಕ್ಕ ಫೋನ್ ಮಾಡಿದಳು. "ಗೀಸರ್ ಹಾಕಿದರೆ ಲೈಟೆಲ್ಲ ಮಂಕಾಗುತ್ತದೆ ಮಾರಾಯ. ನಿನ್ನೆ ನಳ್ಳಿ ಮುಟ್ಟಿದರೆ ಚುರುಕ್ ಅಂತು."

"ವೋಲ್ಟೇಜ್ ಕಡಿಮೆ ಉಂಟು, ಕಾಪುವಿನಲ್ಲಿ ಎಲ್ಲ ಕಡೆ ಹಾಗೆಯೇ. ಚಪ್ಪಲಿ ಹಾಕಿಕೊಂಡು ಹೋಗು" ಎಂದೆ. ನಮ್ಮಲ್ಲಿ ಕರೆಂಟು ಚುರುಕ್ ಎಂದರೆ ರಬ್ಬರ್ ಚಪ್ಪಲಿ ಇಡುವುದೇ ಮದ್ದು. ಪಂಪಿನ ಸ್ವಿಚ್ಚಿನ ಕೆಳಗೆ ಒಂದು ಜೊತೆ, ವಾಷಿಂಗ್ ಮೆಶಿನಿನ ಎದುರು ಒಂದು ಜೊತೆ. ಯಾರೂ ಅದನ್ನು ವಿಚಿತ್ರ ಎಂದುಕೊಳ್ಳುವುದಿಲ್ಲ.

ಆ ಫೋನು ಬಂದ ವಾರದಲ್ಲೇ ಒಂದು ಬೆಳಗ್ಗೆ ಕೆಫೆಯಲ್ಲಿ ಹೊಸ ವಿಡಿಯೊ ತೆರೆದೆ. ಇಂಗ್ಲಿಷಿನವನು ಬೋರ್ಡಿನಲ್ಲಿ ನ್ಯೂಟ್ರಲನ್ನೂ ಅರ್ತನ್ನೂ ಒಂದು ತುಂಡು ವಯರಿನಿಂದ ಕಟ್ಟಿದ. ನಾನು ಕುರ್ಚಿಯಲ್ಲಿ ಮುಂದೆ ಸರಿದೆ. ಬ್ರೆಡ್ಡು ಸುಡುವ ಸ್ಟೀಲಿನ ಪೆಟ್ಟಿಗೆಗೆ ಮೀಟರು ಹಿಡಿದ. ಸೊನ್ನೆ. ಈಗ ಹೊರಗಿನ ನ್ಯೂಟ್ರಲ್ ತುಕ್ಕು ಹಿಡಿದು ಸಡಿಲವಾಯಿತು ಎಂದುಕೊಳ್ಳಿ ಎಂದು, ಹೊರಗಿನಿಂದ ಬರುವ ಆ ತಂತಿಯನ್ನು ಬಿಚ್ಚಿದ. ಅಲ್ಲಿಗೆ ಚಿತ್ರ ನಿಂತಿತು. ಚುಕ್ಕಿಗಳು ದುಂಡಗೆ ತಿರುಗತೊಡಗಿದವು. ಆ ಸಲ ನಾನು ಚಾ ಕುಡಿಯಲು ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚಿತ್ರ ಅಲುಗಿದಾಗ ಮೀಟರು ಇನ್ನೂರು ದಾಟಿತ್ತು. ಹಿಂದಿರುಗಲು ದಾರಿ ಸಿಗದ ಕರೆಂಟು ಆ ತುಂಡು ವಯರಿನಿಂದ ಅರ್ತಿಗೆ ದಾಟಿ ಮನೆಯ ಪ್ರತಿಯೊಂದು ಲೋಹಕ್ಕೂ ಬರುತ್ತದೆ, ಫ್ಯೂಸು ಹೋಗುವುದಿಲ್ಲ, ಏನೂ ಗೊತ್ತಾಗುವುದಿಲ್ಲ, ಹೆಚ್ಚು ಕರೆಂಟು ಎಳೆಯುವ ಸಾಮಾನು ಹಾಕಿದಾಗ ಲೈಟು ಮಂಕಾದೀತು, ಅಷ್ಟೇ. ಇದನ್ನವನು ಬಹಳ ಶಾಂತವಾಗಿ ಹೇಳಿದ.

ಹೆಡ್‌ಫೋನು ಕಿತ್ತು ಕೆಳಗಿಳಿದೆ. ಅಕ್ಕನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಬಸ್ಸು ಹತ್ತಿ ಮತ್ತೆ ಹಚ್ಚಿದೆ. ಹತ್ತೂವರೆ ಗಂಟೆ, ಅದು ಅವಳು ಮನೆಗೆಲಸ ಮುಗಿಸಿ ಸ್ನಾನಕ್ಕೆ ಹೋಗುವ ಸಮಯ. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಒಮ್ಮೆ, ಕಟಪಾಡಿ ದಾಟುವಾಗ ಒಮ್ಮೆ. ರಿಂಗಾಗುತ್ತಲೇ ಇತ್ತು. ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅವನ ಮೇಲೆ ಕಿರುಚಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು.

ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಕರೆದೆ, ಉತ್ತರವಿಲ್ಲ. ಒಳಗಿನಿಂದ ನೀರಿನ ಸದ್ದು ಬರುತ್ತಿತ್ತು, ಒಂದೇ ಸಮನೆ ಹರಿಯುವ ಸದ್ದು. ಬಚ್ಚಲಿನ ಬಾಗಿಲ ಹೊರಗಿನ ಗೀಸರ್ ಸ್ವಿಚ್ಚಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಚಪ್ಪಲಿ ಸಮೇತ ಓಡಿ ಹೋಗಿ ಮೈನ್ ಆಫ್ ಮಾಡಿದೆ. ಫ್ಯಾನು ನಿಂತಿತು. ನೀರು ಹರಿಯುತ್ತಲೇ ಇತ್ತು.

"ಕರೆಂಟ್ ಹೋಯ್ತಾ?" ಎಂದು ಒಳಗಿನಿಂದ ಅಕ್ಕ ಕೂಗಿದಳು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವಳು ತಲೆಗೆ ಬೈರಾಸು ಸುತ್ತಿ, ಕಾಲಿಗೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದೆ, ಫೋನ್ ಕೇಳಿಸಲಿಲ್ಲ ಎಂದಳು. ಏನನ್ನೂ ಮುಟ್ಟಬೇಡ ಎಂದೆ. ಬಾವಿಕಟ್ಟೆಯ ಹತ್ತಿರ ಒದ್ದೆ ನೆಲದಲ್ಲಿ ಕಬ್ಬಿಣದ ಸರಳು ಹೊಡೆದು, ಅದರಿಂದ ಉದ್ದದ ವಯರು ಎಳೆದು, ಹೊಸದಾಗಿ ಕೊಂಡ ಮೀಟರಿನ ಒಂದು ತುದಿಗೆ ಕೊಟ್ಟೆ. ಇನ್ನೊಂದನ್ನು ಬಚ್ಚಲಿನ ನಳ್ಳಿಗೆ ಸಿಕ್ಕಿಸಿದೆ. ಮೈನ್ ಆನ್ ಮಾಡಿದಾಗ ಹನ್ನೊಂದು ವೋಲ್ಟು. ಗೀಸರ್ ಹಾಕಿದೆ. ಟ್ಯೂಬ್‌ಲೈಟು ಮಂಕಾಯಿತು. ಮೀಟರು ಎಂಬತ್ತು ತೋರಿಸಿತು, ತೊಂಬತ್ತೈದು, ಕೆಳಗಿಳಿದು ಎಪ್ಪತ್ತು, ಮತ್ತೆ ನೂರಹತ್ತು. ಎಲ್ಲ ಆಫ್ ಮಾಡಿ, ಹೊರಗೆ ಏಣಿ ಇಟ್ಟು ನೋಡಿದರೆ ಕಂಬದಿಂದ ಬರುವ ನ್ಯೂಟ್ರಲಿನ ಜಾಯಿಂಟು ಉಪ್ಪು ಗಾಳಿಗೆ ಹಸುರು ಹಿಡಿದು ಎರಡು ಎಳೆಯಲ್ಲಿ ನೇತಾಡುತ್ತಿತ್ತು. ಲೈನ್‌ಮ್ಯಾನಿಗೆ ಫೋನ್ ಮಾಡಿದೆ. ಮೈನ್ ಬೋರ್ಡು ಬಿಚ್ಚಿ ನನ್ನ ಲೂಪನ್ನು ಕತ್ತರಿಸಿ ತೆಗೆದೆ.

ಅಕ್ಕ ಓದಿದ್ದು ಏಳನೇ ಕ್ಲಾಸು. ಆದರೆ ಮೀಟರಿನಲ್ಲಿ ಅಂಕಿ ಏರಿದ್ದನ್ನು ಅವಳೂ ನೋಡಿದ್ದಳು.

"ಅತ್ತೆ ಹೋದದ್ದು ಇದರಿಂದಲಾ?"

ಇಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. "ಗೊತ್ತಿಲ್ಲ. ಆಗಿರಬಹುದು" ಎಂದೆ. ನನಗೆ ಅಳು ಬಂತು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅವತ್ತು ಗೀಸರ್ ಆನ್ ಇತ್ತು" ಎಂದಳು. "ಒಳಗೆ ಹೋಗಿ ತುಂಬ ಹೊತ್ತಾಯ್ತು, ನೀರು ಸಾಕಷ್ಟು ಕಾದಿರಬಹುದು ಅಂತ ಹೊರಗಿನಿಂದ ಆಫ್ ಮಾಡಿದೆ. ಆಮೇಲೆ ಬಾಗಿಲು ತಟ್ಟಿದೆ. ತೆಗೆಯದಿದ್ದಾಗ ದೂಡಿ ಒಳಗೆ ಹೋದದ್ದು. ಅವರ ಕೈ ನಳ್ಳಿಯ ಮೇಲೆಯೇ ಇತ್ತು. ನಾನೇ ಬಿಡಿಸಿದೆ."

ಇದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಆ ಸ್ವಿಚ್ಚನ್ನು ಆಫ್ ಮಾಡದೆ ಒಳಗೆ ಹೋಗಿ ಅತ್ತೆಯನ್ನು ಮುಟ್ಟಿದ್ದರೆ ಅವಳೂ ಅಲ್ಲೇ ಬೀಳುತ್ತಿದ್ದಳು. ನಾನು ಬಯ್ಗುಳಕ್ಕೆ ಕಾದೆ, ಕಾಲಿಗೆ ಬೀಳಲೂ ತಯಾರಿದ್ದೆ. ಭಾವನಿಗೆ ಏನು ಹೇಳುವುದು ಎಂದು ಕೇಳಿದೆ.

"ಅವರು ಬಂದಾಗ ನೀನೇ ಹೇಳು, ನಾನು ಹೇಳುವುದಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಲೂಪ್ ಇನ್ನೂ ಎಷ್ಟು ಮನೆಯಲ್ಲಿ ಕೊಟ್ಟಿದ್ದೀ?" ಎಂದು ಕೇಳಿದಳು.

"ಆರು."

"ಮತ್ತೆ ಇಲ್ಲಿ ಎಂತ ಕೂತಿದ್ದೀ? ಹೋಗು."

ಸಾಮಾನು ಚೀಲಕ್ಕೆ ತುಂಬಿಸಿಕೊಂಡು ಎದ್ದೆ. ರಸ್ತೆಗೆ ಬಂದು ಬಸ್ಸಿಗೆ ನಿಂತಾಗ ಯಾವ ಊರಿನ ಬಸ್ಸು ಹತ್ತಬೇಕೆಂದು ತಿಳಿಯಲಿಲ್ಲ. ಆರು ಎಂದದ್ದು ಬಾಯಿಗೆ ಬಂದ ಅಂಕಿ. ಕಾಪುವಿನಿಂದ ಕಾರ್ಕಳದವರೆಗೆ ಎಷ್ಟು ಮನೆಗಳಲ್ಲಿ ಕೊಟ್ಟಿದ್ದೇನೆ ಎಂಬುದು ನನಗೆ ನೆನಪಿರಲಿಲ್ಲ.