ನನ್ನ ದನಿಯಲ್ಲಿ ಮುಳುಗಿದ ಹುಡುಗಿ

ಈಚೆಗೊಂದು ದಿನ ಮೇಜಿನ ಡ್ರಾಯರಿನಲ್ಲಿ ಕನ್ನಡಕದ ಚೀಟಿ ಹುಡುಕುತ್ತಿದ್ದಾಗ ಮುಷ್ಟಿಗಾತ್ರದ ಸ್ಪೀಕರೊಂದು ಸಿಕ್ಕಿತು. ಕೆಟ್ಟಿದೆಯೋ ಏನೋ ಎಂದು ಚಾರ್ಜಿಗೆ ಹಾಕಿ ಗುಂಡಿ ಒತ್ತಿದೆ. ಮೊದಲು ನೀರಿನ ಸದ್ದು, ಹಿಂದೆಯೇ ನನ್ನದೇ ದನಿ: "ಅವಳು ಮೂರನೆಯ ಮೆಟ್ಟಿಲು ಇಳಿದಳು. ನಾಲ್ಕನೆಯದು ಕಾಣಲಿಲ್ಲ." ತಟ್ಟನೆ ಆರಿಸಿದೆ. "ಯಾರ್ರೀ ಅದು ಮಾತಾಡಿದ್ದು?" ಎಂದು ಒಳಗಿನಿಂದ ಹೆಂಡತಿ ಕೇಳಿದಳು. ಯಾರೂ ಇಲ್ಲ ಅಂದೆ.

ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಹೈಸ್ಕೂಲು ಮೇಷ್ಟ್ರಾದ ನನಗೆ ನಾಲ್ಕೈದು ವರ್ಷದ ಹಿಂದೆ ಕಥೆಗಾರನೆಂಬ ಭ್ರಮೆಯಿತ್ತು. ನಂಜನಗೂಡಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಮಾದೇಶನಿಗೆ ಫ್ಲೆಕ್ಸು ಬಂದಮೇಲೆ ಕೆಲಸವಿರಲಿಲ್ಲ; ನನ್ನ ಕಥೆಗಳನ್ನು ಯಾವ ಪತ್ರಿಕೆಯೂ ಹಾಕುತ್ತಿರಲಿಲ್ಲ. ಇಬ್ಬರ ನಿರುದ್ಯೋಗವೂ ಸೇರಿ ತಿ. ನರಸೀಪುರದ ಒಂದು ಸಮುದಾಯ ಭವನದಲ್ಲಿ ಪ್ರದರ್ಶನವಾಯಿತು. ಗೋಡೆಗೆ ಅವನ ಚಿತ್ರ, ಪಕ್ಕದಲ್ಲಿ ನನ್ನ ಕಥೆ, ಕೆಳಗೆ ಸ್ಪೀಕರಿನಲ್ಲಿ ನನ್ನದೇ ವಾಚನ. ಓದು ಬಾರದವರಿಗೂ ಸಾಹಿತ್ಯ ಮುಟ್ಟಬೇಕೆಂದು ಉದ್ಘಾಟನೆಯಲ್ಲಿ ಭಾಷಣ ಬೇರೆ ಬಿಗಿದೆ.

ಮುಖ್ಯ ಕಥೆ ಅದೇ ಊರಿನ ನದಿ ಸಂಗಮದಲ್ಲಿ ಮುಳುಗುವ ಹುಡುಗಿಯದು. ಅವಳಿಗೊಂದು ಮುಖ ಬೇಕಿತ್ತು. ನಂಜನಗೂಡು ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ಹುಡುಗಿಯೊಬ್ಬಳ ಫೋಟೋ ಇದ್ದ 'ಕಾಣೆಯಾಗಿದ್ದಾಳೆ' ಎಂಬ ಜೆರಾಕ್ಸ್ ಚೀಟಿಯೊಂದನ್ನು ದಿನಾ ನೋಡುತ್ತಿದ್ದೆ. ಹಳೆಯದು ಹರಿದರೆ ಮರುವಾರ ಅದೇ ಜಾಗದಲ್ಲಿ ಮೈದಾ ಅಂಟಿನ ಹೊಸದು. ಯಾರೋ ಪಟ್ಟು ಬಿಡದೆ ಅಂಟಿಸುತ್ತಿದ್ದಾರೆಂದು ಗೊತ್ತಿದ್ದೂ ಒಂದನ್ನು ಕಿತ್ತು ಮಾದೇಶನಿಗೆ ಕೊಟ್ಟೆ.

"ಬ್ಯಾಡ ಕಣ್ ಸಾ. ಯಾರ್ದೋ ಮನೆ ಎಣ್ಮಗ," ಎಂದ.

"ಇದು ಕಲೆ ಕಣಯ್ಯ," ಎಂದೆ. ಇಂಥ ಮಾತು ಆಗ ನನ್ನ ನಾಲಿಗೆ ತುದಿಯಲ್ಲೇ ಇರುತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಕವಲಂದೆಯ ನಿಂಗಮ್ಮ ಬಂದಳು. ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕಸ ಗುಡಿಸುವ ಹೆಂಗಸು. ನರಸೀಪುರದಲ್ಲಿ ನಿನ್ನ ಮಗಳ ಪಟ ಹಾಕಿದ್ದಾರೆ ಎಂದು ಯಾರೋ ಹೇಳಿದ್ದರಂತೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಮಡಿಸಿದ ಚೂಡಿದಾರ.

"ಸಿಕ್ಕುದ್ಲಾ ಸಾ? ಎಲ್ಲವ್ಳೆ? ಬಟ್ಟೆ ತಂದಿವ್ನಿ."

ನಾನು ಬಾಯಿ ತೆರೆಯುವ ಮೊದಲೇ ಸ್ಪೀಕರು ಶುರುಮಾಡಿತು. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ನಾಲ್ಕನೆಯ ಮೆಟ್ಟಿಲಿನವರೆಗೂ ಕೇಳಿದಳು. ನಾನು ಆರಿಸಬಹುದಿತ್ತು. ಎಷ್ಟು ಗಮನವಿಟ್ಟು ಕೇಳುತ್ತಿದ್ದಾಳೆ ಎಂದು ಒಂದು ಗಳಿಗೆ, ಹೇಳಲು ನಾಚಿಕೆಯಾಗುತ್ತದೆ, ನನಗೆ ಹೆಮ್ಮೆಯೂ ಆಯಿತು.

"ಇದು ಕಟ್ಟುಕತೆ ಕಣಮ್ಮ, ನಾನೇ ಕಟ್ಟಿದ್ದು," ಎಂದೆ ಆಮೇಲೆ.

"ಮಕ ಅವಳ್ದೇ ಅಲ್ವಾ ಸಾ?"

"ಮುಖ ಅವಳದೇ. ಮಿಕ್ಕಿದ್ದೆಲ್ಲ ಸುಳ್ಳು."

"ಸುಳ್ಳೇ ಏಳಂಗಿದ್ರೆ, ಬದುಕವ್ಳೆ ಅಂತ ಏಳ್ಬೌದಾಗಿತ್ತಲ್ಲ ಸಾ." ಕವರು ಹಿಡಿದುಕೊಂಡು ಹೊರಟುಹೋದಳು.

ತಿಂಗಳೊಳಗೆ ಮಾದೇಶ ಸುದ್ದಿ ತಂದ. ನಿಂಗಮ್ಮ ಸಂಗಮಕ್ಕೆ ಹೋಗಿ, ನನ್ನ ಕಥೆಯ ಮೆಟ್ಟಿಲಲ್ಲೇ ಆ ಚೂಡಿದಾರವನ್ನು ನೀರಿಗೆ ಬಿಟ್ಟು, ಮಗಳ ತಿಥಿ ಮುಗಿಸಿದ್ದಳು. "ಮೇಷ್ಟ್ರು ಏನೂ ಗೊತ್ತಿಲ್ದೆ ಏಳ್ತಾರಾ" ಅಂದಳಂತೆ. ನಾನು ಕಿತ್ತಿದ್ದ ಚೀಟಿಯನ್ನು ಮಾದೇಶ ಮೇಜಿನ ಮೇಲಿಟ್ಟು ಹೋದ. ಮತ್ತೆ ನಮ್ಮ ಮನೆಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯಲ್ಲೂ ಹೊಸ ಚೀಟಿ ಬರಲಿಲ್ಲ. ನಾನು ಆ ಗೋಡೆಯ ಕಡೆ ನೋಡದೆ ಬಸ್ಸು ಹತ್ತುವುದನ್ನು ಕಲಿತೆ.

ಸ್ಪೀಕರು ಸಿಕ್ಕ ದಿನ ಅದರ ಕೆಳಗೇ ಆ ಚೀಟಿಯೂ ಸಿಕ್ಕಿತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಅಸ್ತಿತ್ವದಲ್ಲಿಲ್ಲ ಎಂದಿತು. ಕವಲಂದೆಗೇ ಹೋದೆ. ನಿಂಗಮ್ಮ ಕೂರಿಸಿ ನೀರು ಕೊಟ್ಟಳು.

"ಆ ಪೋನು ಅವಳ್ಗೇಂತ ಇಟ್ಕಂಡಿದ್ದು ಸಾ. ಇನ್ಯಾರ್ ಮಾಡ್ತಾರೆ ಅಂತ ಕರೆನ್ಸಿ ಆಕ್ಸ್ಲಿಲ್ಲ."

"ಅವಳು ಏನಾದಳೋ ನನಗೆ ಗೊತ್ತಿಲ್ಲಮ್ಮ. ಆವತ್ತೂ ಗೊತ್ತಿರಲಿಲ್ಲ."

ಆಕೆ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. "ಈಗ್ ಬಂದು ಏಳ್ತಿದೀರಲ್ಲ ಸಾ," ಎಂದಳು.

ಮರುದಿನ ಮೈದಾ ಕಾಯಿಸಿದೆ. ಚೀಟಿಯಲ್ಲಿ ಹಳೆಯ ನಂಬರು ಹೊಡೆದುಹಾಕಿ, ನನ್ನದನ್ನು ಬರೆದು, ಜೆರಾಕ್ಸ್ ಮಾಡಿಸಿ ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಿ ಬಂದೆ. ಈಗ ವಾರಕ್ಕೊಮ್ಮೆ ಹೋಗುತ್ತೇನೆ. ಗೊತ್ತಿಲ್ಲದ ನಂಬರು ಬಂದರೆ ಪಾಠದ ನಡುವೆಯೂ ಮೊದಲ ರಿಂಗಿಗೇ ಎತ್ತುತ್ತೇನೆ. ಇದುವರೆಗೆ ಬಂದದ್ದೆಲ್ಲ, ಸೈಟು ಬೇಕಾ ಸಾರ್ ಎಂದು ಕೇಳುವವರದೇ.